ಹೊಳೆಯ ಲೆಕ್ಕ ಬರೆಯುವವರು ಯಾರು?

2018ರ ಜೂನ್ 25ರಂದು ಬಂಟ್ವಾಳ ತಾಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದು ಬಿತ್ತು. ಮಳೆಗಾಲದ ನಡುವೆ ಎರಡು ದಡದ ಊರುಗಳ ನಂಟು ಕಡಿದುಹೋಯಿತು. ಕಂಬಗಳ ಬುಡದ ಮರಳನ್ನು ಬಗೆದು ಸಾಗಿಸಿದ್ದೇ ಇದಕ್ಕೆ ಕಾರಣವೆಂದು ಊರವರು ದೂರಿದರು. ಅಕ್ರಮ ಮರಳುಗಾರಿಕೆ ನಿಲ್ಲಬೇಕೆಂಬ ಕೂಗು ಅಂದು ಎಲ್ಲೆಡೆ ಕೇಳಿಬಂತು.

ಅಕ್ರಮ ನಿಲ್ಲಲೇಬೇಕು. ಆದರೆ ಸಕ್ರಮವಾದುದೆಲ್ಲವೂ ಸರಿಯಾದುದೇ? ಈ ಪ್ರಶ್ನೆಯನ್ನು ನಾವು ಕೇಳುತ್ತಲೇ ಇಲ್ಲ.

ಒಂದು ಮರಳು ಬ್ಲಾಕ್ ಕಾಗದದ ಮೇಲೆ ಹುಟ್ಟುವ ಬಗೆಯನ್ನು ನೋಡಿ. ಮರಳು ನಿಂತ ಜಾಗದ ಉದ್ದ, ಅಗಲ, ಆಳವನ್ನು ಅಳೆದು ಗುಣಿಸಿ ಇಷ್ಟು ಟನ್ ಇದೆಯೆಂದು ಬರೆಯುತ್ತಾರೆ. ಅದರಲ್ಲಿ ಒಂದು ಪಾಲನ್ನು ತೆಗೆಯಬಹುದು ಎನ್ನುತ್ತಾರೆ. ಬಳಿಕ ಹರಾಜು, ಪರಿಸರ ಅನುಮತಿ, ಪರ್ಮಿಟ್. ಇದು ಗೋದಾಮಿನ ದಾಸ್ತಾನಿನ ಲೆಕ್ಕ. ಹೊಳೆ ಗೋದಾಮಲ್ಲ. ಪ್ರತಿ ಮಳೆಗಾಲದಲ್ಲಿ ಅದು ಎಷ್ಟು ಮರಳನ್ನು ಹೊತ್ತು ತಂದು ಖಾಲಿಯಾದ ಜಾಗವನ್ನು ತುಂಬುತ್ತದೆ ಎಂಬುದೇ ನಿಜವಾದ ಲೆಕ್ಕ. ಮಳೆಗೆ ಮುಂಚೆ ಮತ್ತು ಮಳೆಯ ನಂತರ ಹೊಳೆಯ ತಳವನ್ನು ಅಳೆಯದೆ ಇದು ತಿಳಿಯುವುದಿಲ್ಲ.

ಒಂದು ವರ್ಷದ ಅಳತೆಯೂ ಸಾಲದು. 2019ರ ಆಗಸ್ಟ್ ನೆರೆಯಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಕಡೆಯ ಗದ್ದೆ ತೋಟಗಳ ಮೇಲೆ ಮರಳು, ಕಲ್ಲು ರಾಶಿ ಬಿದ್ದಿತ್ತು. ಆ ವರ್ಷವನ್ನು ನೋಡಿ ನೇತ್ರಾವತಿಗೆ ಮರಳಿನ ಬರವಿಲ್ಲವೆಂದು ಯೋಜನೆ ಬರೆದರೆ ಅದು ಮೋಸವಾಗುತ್ತದೆ. ಗುಡ್ಡ ಜರಿದು ಬಂದದ್ದು ಪ್ರತಿವರ್ಷದ ಆದಾಯವಲ್ಲ. ಮೇಲಾಗಿ ಶಂಭೂರು, ತುಂಬೆಯ ಅಣೆಕಟ್ಟುಗಳು ಮೇಲಿನಿಂದ ಬರುವ ಮರಳಿನ ಒಂದಂಶವನ್ನು ಅಲ್ಲೇ ತಡೆದಿಡುತ್ತವೆ.

ನಿಯಮಗಳಿಗೆ ಕೊರತೆಯಿಲ್ಲ. ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲೇ ಹೇಳಿದೆ. ಸೇತುವೆ ಮತ್ತು ನೀರೆತ್ತುವ ಸ್ಥಳಗಳಿಂದ ಮೇಲಕ್ಕೆ ಕನಿಷ್ಠ 250 ಮೀಟರ್, ಕೆಳಕ್ಕೆ ಕನಿಷ್ಠ 500 ಮೀಟರ್ ಬಿಡಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಮರಳು ಮತ್ತೆ ತುಂಬುವ ಪ್ರಮಾಣದ ಅಧ್ಯಯನವಿಲ್ಲದೆ ಅನುಮತಿ ಕೊಡುವಂತಿಲ್ಲವೆಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಜಮ್ಮು ಕಾಶ್ಮೀರದ ಪ್ರಕರಣದಲ್ಲಿ ತೀರ್ಪಿತ್ತಿದೆ. ಇಷ್ಟು ಸರಳ ಮಾತನ್ನು ಹೇಳಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು!

ಈ ಲೆಕ್ಕದಲ್ಲಿ ಸುಲಭವಾಗಿ ಮರೆತುಹೋಗುವುದು ತೋಡುಗಳು. ಫಲ್ಗುಣಿಯು ವೇಣೂರಿನ ಬದಿಯಿಂದ ಇಳಿದು, ಮೂಡುಬಿದಿರೆ ಕಡೆಯ ತೋಡುಗಳ ನೀರನ್ನೂ ಕೂಡಿಸಿಕೊಂಡು ಪೊಳಲಿ, ಗುರುಪುರಗಳ ದಾರಿಯಾಗಿ ಕಡಲು ಸೇರುತ್ತದೆ. ಹೊಳೆಯಲ್ಲಿ ತೋಡಿದ ಹೊಂಡ ತೋಡಿದಲ್ಲೇ ನಿಲ್ಲುವುದಿಲ್ಲ. ನೆರೆಯ ರಭಸಕ್ಕೆ ಅದರ ಮೇಲಂಚು ಕೊರೆಯುತ್ತಾ ಹಿಂದಕ್ಕೆ, ಸೇತುವೆಯ ಬುಡಕ್ಕೆ, ತೋಡಿನ ಬಾಯಿಗೆ ಸರಿಯುತ್ತದೆ. ಹೊಳೆಯ ತಳ ಇಳಿದರೆ ದಡದ ಬಾವಿಯ ನೀರೂ ಇಳಿಯುತ್ತದೆ. ಅಡಿಕೆ ತೋಟದವರು ಬೇಸಗೆಯಲ್ಲಿ ಕಟ್ಟ ಕಟ್ಟಿ ನೀರು ನಿಲ್ಲಿಸುವ ತೋಡಿನಲ್ಲಿ ನಿಲ್ಲಿಸಲು ನೀರೇ ಉಳಿಯುವುದಿಲ್ಲ. ಈ ನಷ್ಟಕ್ಕೆ ಯಾವ ಗುತ್ತಿಗೆ ಪತ್ರದಲ್ಲಿ ಕಲಮು ಇದೆ?

ಹಾಗೆಂದು ಮರಳೇ ಬೇಡವೆನ್ನುವುದು ಹೊಟ್ಟೆ ತುಂಬಿದವರ ಮಾತು. ಮಸೀದಿ, ದೇವಸ್ಥಾನ, ಚರ್ಚು, ಶಾಲೆ, ಬಡವನ ಎರಡು ಕೋಣೆಯ ಮನೆ ಎಲ್ಲಕ್ಕೂ ಹೊಯ್ಗೆ ಬೇಕು. 2025ರಲ್ಲಿ ಜಿಲ್ಲೆಯಲ್ಲಿ ಕೆಂಪುಕಲ್ಲು ಮತ್ತು ಮರಳಿನ ಅಭಾವವಾದಾಗ ಕೆಲಸವಿಲ್ಲದೆ ಕುಳಿತವರು ಮೇಸ್ತ್ರಿಗಳು, ಕೂಲಿಗಳು, ಲಾರಿ ಚಾಲಕರು. ಎಲ್ಲವನ್ನೂ ಒಮ್ಮೆಲೆ ನಿಲ್ಲಿಸಿದರೆ ಮರಳಿನ ಬೆಲೆ ಏರುತ್ತದೆ, ರಾತ್ರಿಯ ಟಿಪ್ಪರುಗಳಿಗೆ ಲಾಭವಾಗುತ್ತದೆ. ಹೊಳೆಗೆ ಅದರಿಂದ ಉಪಕಾರವಿಲ್ಲ.

ನಾವು ಕೇಳಬೇಕಾದದ್ದು ಇಷ್ಟೇ. ಪ್ರತಿ ಬ್ಲಾಕಿನಲ್ಲೂ ಮಳೆಗೆ ಮುಂಚಿನ ಮತ್ತು ನಂತರದ ಅಳತೆ ನಡೆಯಲಿ, ಅದು ಗ್ರಾಮ ಪಂಚಾಯತಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಲಿ. ಹೊಳೆ ತಂದುಕೊಟ್ಟದ್ದಕ್ಕಿಂತ ಕಡಿಮೆ ತೆಗೆಯಲಿ, ತರದ ವರ್ಷ ತೆಗೆಯದಿರಲಿ. ತೋಡುಗಳನ್ನು ಪಟ್ಟಿಯಿಂದ ಹೊರಗಿಡಲಿ. ಯಂತ್ರಕ್ಕಿಂತ ಮೊದಲು ದೋಣಿಯವನಿಗೆ ಅವಕಾಶ ಸಿಗಲಿ. ಗ್ರಾಮಸಭೆಗಳಲ್ಲಿ ನಾವು ರಸ್ತೆ, ದಾರಿದೀಪಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತೇವೆ. ನಮ್ಮ ಹೊಳೆಯ ತಳ ಹೋದ ವರ್ಷಕ್ಕಿಂತ ಎಷ್ಟು ಅಡಿ ಕೆಳಗಿದೆಯೆಂದು ಒಬ್ಬರಾದರೂ ಎದ್ದು ನಿಂತು ಕೇಳಲಿ.