ಕರುಣರಸವೂ ನ್ಯಾಯದ ಬೇಡಿಕೆಯೂ

ಕಲೆಯು ಒಂದು ಪಕ್ಷದ ವಕಾಲತ್ತನ್ನು ವಹಿಸಿಕೊಂಡರೆ ರಸವು ಕೆಡುವುದೆಂಬ ಮಾತು ವಿಮರ್ಶಕರಲ್ಲಿ ರೂಢವಾಗಿದೆ. ಈ ಮಾತನ್ನು ಒರೆಗೆ ಹಚ್ಚಿ ನೋಡುವುದಕ್ಕೆ ೧೯೧೯ರಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡ ‘ಆಂಡರ್ಸ್ ಆಲ್ಸ್ ದೀ ಆಂಡರ್ನ್’, ಎಂದರೆ ‘ಇತರರಿಂದ ಭಿನ್ನ’, ಎಂಬ ಮೂಕಚಿತ್ರವು ತಕ್ಕ ನಿದರ್ಶನವಾಗಿದೆ.

ಈ ಚಿತ್ರದ ಹಿಂದೆ ಒಂದು ಸಂಸ್ಥೆಯ ಶ್ರಮವಿದ್ದಿತು. ವೈದ್ಯರಾದ ಮಾಗ್ನಸ್ ಹಿರ್ಷ್‌ಫೆಲ್ಡರು, ಪ್ರಕಾಶಕ ಮಾಕ್ಸ್ ಸ್ಪೋರ್ ಮೊದಲಾದವರೊಡಗೂಡಿ ೧೮೯೭ರ ಮೇ ೧೫ರಂದು ‘ವೈಜ್ಞಾನಿಕ ಮಾನವಹಿತ ಸಮಿತಿ’ಯನ್ನು ಸ್ಥಾಪಿಸಿದರು. ಪುರುಷ ಪುರುಷರ ದೇಹಸಂಬಂಧವನ್ನು ಅಪರಾಧವೆಂದೆಣಿಸುತ್ತಿದ್ದ ೧೭೫ನೆಯ ವಿಧಿಯನ್ನು ಜರ್ಮನ್ ದಂಡಸಂಹಿತೆಯಿಂದ ತೆಗೆಸುವುದೇ ಅದರ ಮುಖ್ಯೋದ್ದೇಶವು. ‘ವಿಜ್ಞಾನದ ಮೂಲಕ ನ್ಯಾಯಕ್ಕೆ’ ಎಂಬುದು ಅದರ ಧ್ಯೇಯವಾಕ್ಯವು. ೧೮೯೮ರಲ್ಲಿ ಆಗಸ್ಟ್ ಬೇಬೆಲ್ಲರು ಅದರ ಮನವಿಯನ್ನು ಸಂಸತ್ತಿನಲ್ಲಿ ಸಮರ್ಥಿಸಿದರೂ ಫಲವು ದೊರೆಯಲಿಲ್ಲ. ಶಾಸನಸಭೆಯು ಕಿವಿಗೊಡದ ವಾದವನ್ನು ಜನರ ಕಣ್ಣ ಮುಂದಿಡುವುದಕ್ಕೆ ಚಿತ್ರವು ಒದಗಿತು.

ನಿರ್ದೇಶಕರು ರಿಚರ್ಡ್ ಓಸ್ವಾಲ್ಡ್. ಕಥಾರಚನೆಯಲ್ಲಿ ಭಾಗಿಗಳಾದ ಹಿರ್ಷ್‌ಫೆಲ್ಡರು ವೈದ್ಯನಾಗಿ ತಾವೇ ಕಾಣಿಸಿಕೊಂಡಿದ್ದಾರೆ. ಕಾನ್ರಾಡ್ ಫೈಟ್ ನಟಿಸಿರುವ ನಾಯಕನು ಪಿಟೀಲು ವಿದ್ವಾಂಸನು. ಅವನ ಗುಟ್ಟನ್ನರಿತ ಧೂರ್ತನೊಬ್ಬನು ಬೆದರಿಸಿ ಬೆದರಿಸಿ ಹಣವನ್ನು ಸುಲಿಯುತ್ತಾನೆ. ನ್ಯಾಯಾಲಯವಾದರೋ ಸುಲಿದವನನ್ನು ದಂಡಿಸುವುದರೊಡನೆ ಸುಲಿಗೆಗೆ ಸಿಕ್ಕವನನ್ನೂ ದಂಡಿಸುತ್ತದೆ. ಮಾನವನ್ನು ಕಳೆದುಕೊಂಡ ಕಲಾವಿದನು ಪ್ರಾಣವನ್ನೂ ನೀಗುತ್ತಾನೆ.

ವೈದ್ಯನು ಉಪನ್ಯಾಸಕ್ಕೆ ನಿಂತೆಡೆಯಲ್ಲಿ ರಸವು ಸಡಿಲುವುದು ದಿಟ. ಆದರೆ ನಾಯಕನು ವೃತ್ತಪತ್ರಿಕೆಯಲ್ಲಿ ಕಾರಣ ತಿಳಿಯದ ಆತ್ಮಹತ್ಯೆಗಳ ಸುದ್ದಿಯನ್ನೋದುವ ದೃಶ್ಯಕ್ಕೆ ಯಾವ ವ್ಯಾಖ್ಯಾನವೂ ಬೇಡ; ಆ ಕಾರಣವನ್ನು ಅವನ ಮುಖವೇ ಹೇಳುತ್ತದೆ. ಇಲ್ಲಿ ವಾದವೂ ರಸವೂ ಬೇರೆಬೇರೆಯಾಗಿ ಉಳಿದಿಲ್ಲ.

ನಿಜವಾದ ಕೊರತೆಯು ಇನ್ನೂ ಆಳದಲ್ಲಿದೆ. ಅದು ಸಮಿತಿಯ ಕೊರತೆಯೂ ಅಹುದು. ಹುಟ್ಟಿನಿಂದ ಬಂದ ಸ್ವಭಾವವಾದುದರಿಂದ ಶಿಕ್ಷಿಸಬಾರದೆಂಬ ವಾದವು ಕನಿಕರವನ್ನು ಬೇಡುತ್ತದೆ, ಸಮಾನತೆಯನ್ನಲ್ಲ. ಕನಿಕರಕ್ಕೆ ಪಾತ್ರನಾದವನು ಕನಿಕರಿಸುವವನಿಗಿಂತ ಒಂದು ಮೆಟ್ಟಿಲು ಕೆಳಗೇ ಉಳಿಯುತ್ತಾನೆ. ಆದರೂ ಸೆರೆಮನೆಯ ಬಾಗಿಲಲ್ಲಿ ನಿಂತವರಿಗೆ ಅಂದು ದೊರೆತ ಆಯುಧವು ಅದೇ ಎಂಬುದನ್ನು ಸಹೃದಯರು ಮರೆಯಲಾಗದು.

ಚಿತ್ರದ ಕೊನೆಯಲ್ಲಿ ಒಂದು ಕೈಯು ೧೭೫ನೆಯ ವಿಧಿಯ ಮೇಲೆ ಗೀಟೆಳೆಯುತ್ತದೆ. ಇತಿಹಾಸದ ಕೈಯು ಅಷ್ಟು ಚುರುಕಾಗಿರಲಿಲ್ಲ. ೧೯೨೦ರಲ್ಲಿ ಚಿತ್ರದ ಸಾರ್ವಜನಿಕ ಪ್ರದರ್ಶನವೇ ನಿಷಿದ್ಧವಾಯಿತು. ೧೯೨೯ರಲ್ಲಿ ಸಂಸತ್ತಿನ ಸಮಿತಿಯೊಂದು ವಿಧಿಯ ರದ್ದತಿಗೆ ಒಪ್ಪಿದರೂ ಅದು ಶಾಸನವಾಗಲಿಲ್ಲ. ೧೯೩೩ರಲ್ಲಿ ನಾಜಿಗಳು ಹಿರ್ಷ್‌ಫೆಲ್ಡರ ಸಂಶೋಧನಾಲಯವನ್ನು ಸೂರೆಮಾಡಿ ಗ್ರಂಥಗಳನ್ನು ಸುಟ್ಟರು. ೧೯೩೫ರಲ್ಲಿ ವಿಧಿಯನ್ನು ಮತ್ತಷ್ಟು ಕಠಿನಗೊಳಿಸಿದರು. ಅದು ಪೂರ್ಣವಾಗಿ ಅಳಿದುದು ೧೯೯೪ರಲ್ಲಿ.

ಚಿತ್ರವು ಇಂದು ಉಳಿದಿರುವುದು ತುಣುಕುಗಳಲ್ಲಿ ಮಾತ್ರ. ವಾದವು ಕಾಲಕ್ಕೆ ಸಂದು ಹಳತಾಗಿದೆ. ಪತ್ರಿಕೆಯನ್ನು ಹಿಡಿದು ಕುಳಿತ ಆ ಮುಖವು ಹಳತಾಗಿಲ್ಲ.