ಗಾಯಾಳುಗಳ ಗೆಲುವು

2020-21ರ ಆಸ್ಟ್ರೇಲಿಯಾ ಪ್ರವಾಸದ ಮಾತೆತ್ತಿದರೆ ಸಾಕು, ನಮ್ಮಂಥ ಕ್ರಿಕೆಟ್ ಹುಚ್ಚಿನವರ ಮುಖ ಇಂದಿಗೂ ಅರಳುತ್ತದೆ. ಅಡಿಲೇಡಿನಲ್ಲಿ 36 ರನ್ನಿಗೆ ಆಟ ಮುಗಿಸಿದ ತಂಡವೇ ಬ್ರಿಸ್ಬೇನಿನಲ್ಲಿ 328 ರನ್ನುಗಳನ್ನು ಬೆನ್ನಟ್ಟಿ ಸರಣಿ ಗೆದ್ದಿತು. 1988ರಿಂದ ಆಸ್ಟ್ರೇಲಿಯಾ ಆ ಅಂಗಳದಲ್ಲಿ ಸೋತಿರಲೇ ಇಲ್ಲ. ಆ ಜಯಕಾರದಲ್ಲಿ ನಮ್ಮ ದನಿಯೂ ಸೇರಿತ್ತು. ಆದರೆ ಅಂದಿನಿಂದ ಕೇಳಿಬಂದ ಹೊಗಳಿಕೆಯೆಲ್ಲ ಒಂದೇ ರಾಗದ್ದು: ಮೈ ಮುರಿದರೂ ಎದೆ ಕುಂದಲಿಲ್ಲ ಎಂಬುದು. ಮೈ ಏಕೆ ಮುರಿಯಿತು ಎಂದು ಕೇಳಿದವರು ಕಡಿಮೆ.

ಇಶಾಂತ್ ಶರ್ಮ, ಭುವನೇಶ್ವರ್ ಕುಮಾರ್ ಇಬ್ಬರೂ ಐ.ಪಿ.ಎಲ್.ನಲ್ಲೇ ಗಾಯಗೊಂಡು ಸರಣಿಗೆ ಎರವಾದರು. ಅಡಿಲೇಡಿನಲ್ಲಿ ಶಮಿಯ ತೋಳು, ಮೆಲ್ಬರ್ನಿನಲ್ಲಿ ಉಮೇಶ್ ಯಾದವರ ಮೀನಖಂಡ, ನೆಟ್ಸಿನಲ್ಲಿ ನಮ್ಮ ಕೆ. ಎಲ್. ರಾಹುಲರ ಮಣಿಕಟ್ಟು. ಪಾಪ, ರಾಹುಲ್ ಒಂದು ಟೆಸ್ಟನ್ನೂ ಆಡದೆ ಮರಳಿದರು. ಸಿಡ್ನಿಯಲ್ಲಂತೂ ಜಡೇಜರ ಹೆಬ್ಬೆರಳು, ಪಂತರ ಮೊಣಕೈ, ಬೂಮ್ರಾರ ಹೊಟ್ಟೆಯ ಸ್ನಾಯು, ಎಲ್ಲವೂ ಒಂದೇ ಪಂದ್ಯದಲ್ಲಿ! ನಾಲ್ಕು ಟೆಸ್ಟುಗಳಿಗೆ 20 ಮಂದಿ ಬೇಕಾದರು. ಬ್ರಿಸ್ಬೇನಿನಲ್ಲಿ ಚೆಂಡು ಹಿಡಿದ ಐವರು ಬೌಲರುಗಳು ಅದಕ್ಕೆ ಮುಂಚೆ ಆಡಿದ್ದ ಟೆಸ್ಟುಗಳು ಎಲ್ಲ ಸೇರಿ ನಾಲ್ಕು.

ಗೆದ್ದದ್ದು ಬ್ರಿಸ್ಬೇನಾದರೂ ನಮ್ಮ ಮಟ್ಟಿಗೆ ಆ ಸರಣಿಯ ಶ್ರೇಷ್ಠ ದಿನ ಸಿಡ್ನಿಯ ಐದನೆಯ ದಿನ. ಪಂತ್ 97, ಪೂಜಾರ 77 ಹೊಡೆದು ಹೊರಟ ಮೇಲೆ ಉಳಿದವರು ತೊಡೆಯ ಹಿಂಬದಿಯ ಸ್ನಾಯು ಹರಿದು ಓಡಲಾಗದ ವಿಹಾರಿ, ಬೆನ್ನು ಹಿಡಿದು ಬಾಗಲಾಗದ ಅಶ್ವಿನ್. ವಿಹಾರಿ 161 ಚೆಂಡುಗಳಿಗೆ 23, ಅಶ್ವಿನ್ 128 ಚೆಂಡುಗಳಿಗೆ 39. ಔಟಾಗದೆ ಪಂದ್ಯ ಉಳಿಸಿದರು. ಆಟ ನಡೆಯುತ್ತಿರುವಾಗಲೇ ಕೇಂದ್ರದ ಮಂತ್ರಿಯೊಬ್ಬರು ವಿಹಾರಿ ಕ್ರಿಕೆಟ್ಟನ್ನೇ ಕೊಂದರೆಂದು ಟೀಕಿಸಿದರು. (ಮಂತ್ರಿಗಳಿಗೆ ಅಷ್ಟು ಬಿಡುವಿರುವುದೂ ಸೋಜಿಗವೇ.) ಅದೇ ವಿಹಾರಿ ಮುಂದಿನ ಟೆಸ್ಟಿಗಾಗಿ 2022ರ ಜನವರಿಯ ಜೋಹಾನ್ಸ್‌ಬರ್ಗ್ ವರೆಗೆ ಕಾಯಬೇಕಾಯಿತು.

ಹಿರಿಯ ಓದುಗರು 1981ರ ಮೆಲ್ಬರ್ನನ್ನು ನೆನೆದಾರು. ನಮ್ಮ ವಿಶ್ವನಾಥರ 114 ತಂಡವನ್ನು ಎತ್ತಿ ಹಿಡಿದ ಪಂದ್ಯ ಅದು. ಕೊನೆಯಲ್ಲಿ ತೊಡೆಯ ನೋವನ್ನು ನುಂಗಿಕೊಂಡು ಕಪಿಲ್ ದೇವ್ 28 ರನ್ನಿಗೆ 5 ವಿಕೆಟ್ ಕಿತ್ತರು. ಆಸ್ಟ್ರೇಲಿಯಾ 83ಕ್ಕೆ ಉರುಳಿತು. ಅಂದು ಕಪಿಲರ ಬದಲಿಗೆ ಇಳಿಸಲು ನಮ್ಮಲ್ಲಿ ಇನ್ನೊಬ್ಬ ಕಪಿಲ್ ಇರಲಿಲ್ಲ. ಇಂದು ಹಾಗಲ್ಲ. ಸಿರಾಜ್, ಸುಂದರ್ ಮೊದಲಾದವರು ಸಿದ್ಧರಿದ್ದರು. ಅದರ ಶ್ರೇಯದಲ್ಲಿ ಒಂದು ಪಾಲು 'ಎ' ತಂಡವನ್ನು ತಿದ್ದಿದ ದ್ರಾವಿಡರಿಗೆ ಸಲ್ಲಬೇಕು. ಆದರೆ ಹಿಂದಿನ ಸಾಲು ಬಲವಾಗಿದೆಯೆಂದು ಮುಂದಿನ ಸಾಲನ್ನು ಸವೆಸುವುದು ಯಾವ ಲೆಕ್ಕ?

ಚೆಂಡು ಬಡಿದು ಬೆರಳು ಮುರಿದರೆ ಯಾರನ್ನೂ ದೂರಲಾಗದು. ವೇಗದ ಬೌಲಿಂಗ್ ಎಂದರೆ ಅದೇ. ಮೀನಖಂಡ, ತೊಡೆ, ಹೊಟ್ಟೆಯ ಸ್ನಾಯುಗಳು ಸಾಲಾಗಿ ಸೋತಾಗ ಮಾತ್ರ ಪಂದ್ಯಗಳ ಪಟ್ಟಿಯನ್ನೇ ಕೈಗೆತ್ತಿಕೊಳ್ಳಬೇಕಾಗುತ್ತದೆ. ಕೋವಿಡ್ಡಿನಿಂದ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತ ಆಟಗಾರರನ್ನು ಸೆಪ್ಟೆಂಬರ್ 19ರಿಂದ ನವೆಂಬರ್ 10ರ ವರೆಗೆ ಎಮಿರೇಟ್ಸಿನಲ್ಲಿ ಐ.ಪಿ.ಎಲ್.ಗೆ ದುಡಿಸಿ, ನವೆಂಬರ್ 27ಕ್ಕೆ ಸಿಡ್ನಿಯಲ್ಲಿ ಇಳಿಸಿದ್ದು ಕ್ರಿಕೆಟ್ ಮಂಡಳಿಗಳು. ಟಿ.ವಿ. ಮುಂದೆ ಕುಳಿತು ಎರಡನ್ನೂ ಬಿಡದೆ ನೋಡಿದ್ದು ನಾವು.

ಬೂಮ್ರಾ 2023ರ ಮಾರ್ಚಿನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2024-25ರಲ್ಲಿ ಮತ್ತೆ ಆಸ್ಟ್ರೇಲಿಯಾಕ್ಕೆ ಹೋಗಿ, ಐದು ಟೆಸ್ಟುಗಳಲ್ಲಿ 150ಕ್ಕೂ ಹೆಚ್ಚು ಓವರು ಎಸೆದು 32 ವಿಕೆಟ್ ಪಡೆದರು. ಕೊನೆಯ ಇನ್ನಿಂಗ್ಸ್ ಹೊತ್ತಿಗೆ, ಅದೇ ಸಿಡ್ನಿಯಲ್ಲಿ, ಬೆನ್ನು ಹಿಡಿದುಕೊಂಡು ಒಂದು ಚೆಂಡನ್ನೂ ಎಸೆಯಲಾಗಲಿಲ್ಲ. ಆಸ್ಟ್ರೇಲಿಯಾಕ್ಕೆ ಬೇಕಿದ್ದದ್ದು 162. ನಾಲ್ಕು ವಿಕೆಟ್ ಕಳೆದುಕೊಂಡು ಹೊಡೆದರು.