ಸಂದೇಹವೆಂಬ ಕರುಣೆ

ತಂದೆಯನ್ನೇ ಇರಿದು ಕೊಂದನೆಂಬ ಆಪಾದನೆ ಹೊತ್ತ ೧೮ರ ತರುಣ. ಅಪರಾಧಿಯೆಂದು ನಿರ್ಣಯವಾದರೆ ಮರಣದಂಡನೆ ತಪ್ಪದು. ನಿರ್ಣಯಿಸಬೇಕಾದವರು ೧೨ ಮಂದಿ ಸಾಮಾನ್ಯ ನಾಗರಿಕರು. ಅದು ಒಮ್ಮತದ ನಿರ್ಣಯವಾಗಿರಬೇಕು. ರೆಜಿನಾಲ್ಡ್ ರೋಸ್ ೧೯೫೪ರಲ್ಲಿ ಟೆಲಿವಿಷನ್ನಿಗಾಗಿ ಬರೆದ ನಾಟಕವನ್ನು ಆಧರಿಸಿದ ‘ಟ್ವೆಲ್ವ್ ಆಂಗ್ರಿ ಮೆನ್’ (೧೯೫೭) ಚಿತ್ರದ ವಸ್ತು ಇಷ್ಟೇ. ನಿರ್ದೇಶಕ ಸಿಡ್ನಿ ಲ್ಯೂಮೆಟ್ ಅವರಿಗೆ ಇದು ಮೊದಲ ಚಲನಚಿತ್ರ.

ಮೊದಲ ಮತದಾನದಲ್ಲಿ ೧೧ ಮಂದಿ ತರುಣನನ್ನು ಅಪರಾಧಿಯೆನ್ನುತ್ತಾರೆ. ಎಂಟನೆಯ ಸದಸ್ಯ (ಹೆನ್ರಿ ಫೋಂಡಾ) ಮಾತ್ರ ಒಪ್ಪುವುದಿಲ್ಲ. ಹುಡುಗ ನಿರಪರಾಧಿಯೆಂದು ಅವನು ವಾದಿಸುವುದೂ ಇಲ್ಲ. ಒಂದು ಜೀವವನ್ನು ಸಾವಿಗೆ ಕಳುಹಿಸುವ ಮುನ್ನ ಸ್ವಲ್ಪ ಹೊತ್ತು ಮಾತನಾಡೋಣವೆಂಬುದಷ್ಟೇ ಅವನ ಕೋರಿಕೆ. ಬೇಸ್‌ಬಾಲ್ ಪಂದ್ಯಕ್ಕೆ ಹೊರಡುವ ಆತುರದಲ್ಲಿರುವ ಇನ್ನೊಬ್ಬನಿಗೆ ಅದೂ ಹೆಚ್ಚೆನಿಸುತ್ತದೆ. ಚಿತ್ರದ ನೈತಿಕ ಕೇಂದ್ರ ಇಲ್ಲಿದೆ: ಕ್ರೌರ್ಯಕ್ಕೆ ದ್ವೇಷವೇ ಬೇಕೆಂದಿಲ್ಲ, ಅವಸರವೂ ಸಾಕು.

ಸಾಕ್ಷ್ಯಗಳು ಒಂದೊಂದಾಗಿ ಸಡಿಲಗೊಳ್ಳುತ್ತವೆ. ೧೫ ಸೆಕೆಂಡುಗಳಲ್ಲಿ ಬಾಗಿಲಿಗೆ ಬಂದು, ಓಡಿಹೋಗುತ್ತಿದ್ದ ಹುಡುಗನನ್ನು ಕಂಡೆನೆಂದ ವೃದ್ಧ ಸಾಕ್ಷಿ ಕಾಲೆಳೆದು ನಡೆಯುವವನು. ಅದೇ ದೂರವನ್ನು ಹಾಗೆಯೇ ನಡೆದು ನೋಡಿದಾಗ ೪೧ ಸೆಕೆಂಡುಗಳು ಬೇಕಾಗುತ್ತವೆ. ಹಾಗಾದರೆ ಅವನೇಕೆ ಹಾಗೆ ನುಡಿದ? ಉತ್ತರವನ್ನು ಹೇಳುವವನು ಜ್ಯೂರಿಯಲ್ಲಿನ ವೃದ್ಧ: ಬಾಳಿನುದ್ದಕ್ಕೂ ಯಾರೂ ಕಿವಿಗೊಡದ ಮನುಷ್ಯನಿಗೆ ಒಮ್ಮೆಯಾದರೂ ಗಮನ ಸೆಳೆಯುವ ಹಂಬಲ. ಅಸತ್ಯವನ್ನು ಬಯಲಿಗೆಳೆಯುವಾಗಲೂ ಅದನ್ನಾಡಿದವನ ಬಗ್ಗೆ ಮರುಕವುಳಿಸಿಕೊಳ್ಳುವ ಈ ಸನ್ನಿವೇಶ ಚಿತ್ರದ ಅತ್ಯುತ್ತಮ ಭಾಗ.

೯೬ ನಿಮಿಷಗಳ ಚಿತ್ರ ಬಹುತೇಕ ಒಂದೇ ಕೊಠಡಿಯಲ್ಲಿ ನಡೆದರೂ ಬೇಸರ ತರಿಸದು. ಆರಂಭದಲ್ಲಿ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದ ಕ್ಯಾಮೆರಾ ಕ್ರಮೇಣ ಕೆಳಗಿಳಿದು, ಕೊನೆಗೆ ಛಾವಣಿಯೇ ತಲೆಯ ಮೇಲೆ ಕವಿದಂತೆ ತೋರುತ್ತದೆ. ಬೋರಿಸ್ ಕಾಫ್‌ಮನ್ನರ ಕಪ್ಪು-ಬಿಳುಪು ಛಾಯಾಗ್ರಹಣದಲ್ಲಿ ಮುಖಗಳ ಬೆವರೂ ಮಾತನಾಡುತ್ತದೆ.

ದೋಷವಿಲ್ಲದಿಲ್ಲ. ಎಂಟನೆಯ ಸದಸ್ಯ ಕೊಲೆಗೆ ಬಳಸಿದಂಥದೇ ಚಾಕುವನ್ನು ಹೊರಗೆ ಕೊಂಡು ತಂದು ಮೇಜಿನ ಮೇಲಿಡುವುದು ರೋಮಾಂಚಕರ. ಆದರೆ ನ್ಯಾಯಾಲಯದ ಮುಂದಿಲ್ಲದ ಸಾಕ್ಷ್ಯವನ್ನು ಜ್ಯೂರಿ ತಾನೇ ಸಂಗ್ರಹಿಸುವುದು ನಿಯಮಕ್ಕೆ ವಿರುದ್ಧ. ಸದುದ್ದೇಶವು ಮಾರ್ಗದ ದೋಷವನ್ನು ತೊಡೆಯುವುದೇ ಎಂಬ ಪ್ರಶ್ನೆಯನ್ನು ಚಿತ್ರ ಎತ್ತಿಕೊಳ್ಳುವುದಿಲ್ಲ.

ಕೊನೆಯವರೆಗೂ ಹಟ ಹಿಡಿಯುವ ಮೂರನೆಯ ಸದಸ್ಯ (ಲೀ ಜೆ. ಕಾಬ್) ತನ್ನಿಂದ ದೂರವಾದ ಮಗನ ಭಾವಚಿತ್ರವನ್ನು ಹರಿದುಹಾಕಿ ಕುಸಿದು ಅಳುತ್ತಾನೆ. ಅಷ್ಟು ಹೊತ್ತೂ ಅವನು ದಂಡಿಸಲು ಹೊರಟಿದ್ದುದು ಆ ಮಗನನ್ನೇ. ಎಲ್ಲರೂ ಹೊರನಡೆಯುವಾಗ ಅವನಿಗೆ ಕೋಟು ತೊಡಿಸುವವನು ಅವನನ್ನು ಸೋಲಿಸಿದ ಎಂಟನೆಯವನು. ತರುಣ ನಿಜಕ್ಕೂ ಕೊಂದನೋ ಇಲ್ಲವೋ, ಚಿತ್ರ ಹೇಳುವುದಿಲ್ಲ. ಅರಿಯದುದನ್ನು ಅರಿತೆನೆಂದು ದಂಡಿಸಬಾರದೆಂಬುದನ್ನು ಮಾತ್ರ ಮನಗಾಣಿಸುತ್ತದೆ.